ಆಲ್ಡರ್ ಮರ: ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ಡರ್ ಯುರೋಪಿನ ಹೊಳೆ ದಂಡೆಯ ಮರ. ಇದರ ಬಗ್ಗೆ ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಕೇಳುವವರಲ್ಲಿ ಎರಡು ಗುಂಪು. ಇಂಗ್ಲೆಂಡ್, ಜರ್ಮನಿ ಕಡೆ ನೆಲೆಸಿ ದಿನಾ ಈ ಮರದ ಕೆಳಗೆ ವಾಕಿಂಗ್ ಹೋಗುವ ನಮ್ಮವರು ಒಂದು ಗುಂಪು. ಊರಲ್ಲಿ ತೋಟ ಇಟ್ಟುಕೊಂಡು, "ಮಣ್ಣಿಗೆ ಸಾರಜನಕ ಕೊಡುವ ಮರವಂತೆ" ಎಂದು ಕೇಳಿ ಆಸೆಪಟ್ಟವರು ಇನ್ನೊಂದು. ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಆಲ್ಡರ್ ಅಂದ್ರೆ ಯಾವ ಮರ? ನಮ್ಮ ಕಡೆ ಇದೆಯಾ?

ಬರ್ಚ್ ಕುಟುಂಬಕ್ಕೆ ಸೇರಿದ, ಚಳಿಗಾಲದಲ್ಲಿ ಎಲೆ ಉದುರಿಸುವ ಮರ. ಶಾಸ್ತ್ರೀಯ ಹೆಸರು ಆಲ್ನಸ್ ಗ್ಲುಟಿನೋಸಾ. ಯುರೋಪಿನ ಬಹುತೇಕ ಎಲ್ಲ ದೇಶಗಳಲ್ಲಿ, ಟರ್ಕಿಯಲ್ಲಿ, ಇರಾನಿನ ಕ್ಯಾಸ್ಪಿಯನ್ ತೀರದಲ್ಲಿ, ಉತ್ತರ ಆಫ್ರಿಕಾದ ಕೆಲವು ಕಡೆ ತಾನಾಗಿ ಬೆಳೆಯುತ್ತದೆ. ಹೊಳೆ, ಕೆರೆ, ಜೌಗು ಎಲ್ಲಿದೆಯೋ ಅಲ್ಲಿ ಹುಡುಕಿ, ಸಿಗುತ್ತದೆ. ಕರ್ನಾಟಕದಲ್ಲಿ ಇಲ್ಲ. ಭಾರತದಲ್ಲಿ ಇದರ ದಾಯಾದಿಗಳು ಹಿಮಾಲಯದಲ್ಲಿವೆ. ಅವುಗಳ ಮಾತು ಕೊನೆಯ ಭಾಗದಲ್ಲಿ ಬರುತ್ತದೆ.

ನೋಡಿದ ಕೂಡಲೇ ಗುರುತು ಹಿಡಿಯೋದು ಹೇಗೆ?

ಬೇಸಿಗೆಯಲ್ಲಾದರೆ ಎಲೆಯ ತುದಿ ನೋಡಿ. ಹೆಚ್ಚಿನ ಮರಗಳ ಎಲೆ ತುದಿಯಲ್ಲಿ ಚೂಪಾಗುತ್ತದೆ. ಇದರ ಎಲೆ ಗುಂಡಗೆ ಬಂದು, ತುದಿಯಲ್ಲಿ ಯಾರೋ ಚೂರು ಕಚ್ಚಿದ ಹಾಗೆ ಒಳಕ್ಕೆ ಸರಿದಿರುತ್ತದೆ. ಎಳೆ ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ.

ಚಳಿಗಾಲದಲ್ಲಿ ಗುರುತಿಸುವುದು ಇನ್ನೂ ಸುಲಭ. ಬೋಳು ರೆಂಬೆಯ ಮೇಲೆ ಒಂದೇ ಹೊತ್ತಿಗೆ ಮೂರು ವಸ್ತು ಕಾಣುತ್ತವೆ. ಕಳೆದ ವರ್ಷದ ಕಪ್ಪಗಿನ ಪುಟ್ಟ ಕಾಯಿಗಳು, ಗೋಲಿಗಿಂತ ಸ್ವಲ್ಪ ದೊಡ್ಡವು. ಮುಂದಿನ ವಸಂತಕ್ಕೆ ಸಿದ್ಧವಾಗಿ ಜೋತುಬಿದ್ದ ಗಂಡು ಹೂಗೊಂಚಲು. ಜೊತೆಗೆ ನೇರಳೆ ಛಾಯೆಯ ಮೊಗ್ಗುಗಳು. ಈ ಮೊಗ್ಗುಗಳಿಗೆ ಸಣ್ಣ ತೊಟ್ಟು ಇರುತ್ತದೆ, ರೆಂಬೆಗೆ ನೇರ ಅಂಟಿಕೊಂಡಿರುವುದಿಲ್ಲ. ಈ ಮೂರೂ ಇದ್ದರೆ ಆಲ್ಡರ್ ಕುಲದ ಮರ ಅನ್ನುವುದರಲ್ಲಿ ಅನುಮಾನ ಬೇಡ.

ಕಾಯಿ ಪೈನ್ ಕಾಯಿ ತರ ಇದೆ. ಇದೂ ಪೈನ್ ಜಾತಿನಾ?

ಅಲ್ಲ. ಪೈನ್ ಹೂ ಬಿಡದ ಗುಂಪಿನ ಮರ. ಆಲ್ಡರ್ ಹೂ ಬಿಡುವ, ಅಗಲ ಎಲೆಯ ಮರ. ಇದರ ಹೆಣ್ಣು ಹೂಗೊಂಚಲು ಬಲಿತಾಗ ಗಟ್ಟಿಯಾಗಿ, ಚಿಪ್ಪು ಚಿಪ್ಪಾಗಿ ತೆರೆದುಕೊಳ್ಳುತ್ತದೆ, ಅಷ್ಟೇ. ಚಿಪ್ಪುಗಳ ನಡುವೆ ಚಿಕ್ಕ ಚಪ್ಪಟೆ ಬೀಜ. ಅದರ ಅಂಚಿನಲ್ಲಿ ಗಾಳಿ ತುಂಬಿದ ಚೀಲ ಇರುವುದರಿಂದ ನೀರಿನ ಮೇಲೆ ತೇಲುತ್ತದೆ. ಹೊಳೆ ಎಲ್ಲಿ ಕೆಸರು ಬಿಟ್ಟು ಹೋಗುತ್ತದೋ ಅಲ್ಲಿ ಮೊಳೆಯುತ್ತದೆ. ಚಳಿಗಾಲದಲ್ಲಿ ಸಿಸ್ಕಿನ್, ರೆಡ್‌ಪೋಲ್ ಎಂಬ ಪುಟ್ಟ ಹಕ್ಕಿಗಳು ತಲೆಕೆಳಗಾಗಿ ನೇತಾಡಿ ಈ ಬೀಜ ಹೆಕ್ಕುವುದನ್ನು ನೋಡುವುದೇ ಒಂದು ಮಜಾ.

ಎಷ್ಟು ಎತ್ತರ ಬೆಳೆಯುತ್ತದೆ, ಎಷ್ಟು ವರ್ಷ ಇರುತ್ತದೆ?

ಸಾಮಾನ್ಯವಾಗಿ 20ರಿಂದ 25 ಮೀಟರ್. ಒಳ್ಳೆ ಜಾಗದಲ್ಲಿ 30 ದಾಟುವುದೂ ಉಂಟು. ಎಳೆಯದಿದ್ದಾಗ ಭರಭರ ಬೆಳೆಯುತ್ತದೆ. ಆದರೆ ಆಯಸ್ಸು ಕಡಿಮೆ. ಸುಮಾರು 60 ವರ್ಷಕ್ಕೇ ಮುದಿಯಾಗುವ ಮರಗಳೇ ಹೆಚ್ಚು, 100 ದಾಟಿದ್ದು ಅಪರೂಪ.

ಅಕ್ಟೋಬರಲ್ಲಿ ಎಲೆ ಹಳದಿ ಆಗದೆ ಹಸಿರಾಗೇ ಉದುರ್ತಿದೆ. ಮರಕ್ಕೆ ರೋಗ ಬಂತಾ?

ಇಲ್ಲ, ಇದರ ಸ್ವಭಾವವೇ ಹಾಗೆ. ಬೇರೆ ಮರಗಳು ಎಲೆ ಉದುರಿಸುವ ಮೊದಲು ಅದರಲ್ಲಿರುವ ಸಾರಜನಕವನ್ನು ವಾಪಸ್ ಕಾಂಡಕ್ಕೆ ಎಳೆದುಕೊಳ್ಳುತ್ತವೆ. ಹಸಿರು ಕಳೆದು ಹಳದಿ, ಕೆಂಪು ಕಾಣುವುದು ಆಗಲೇ. ಆಲ್ಡರ್‌ಗೆ ಬೇರಿನಲ್ಲೇ ಸಾರಜನಕ ತಯಾರಾಗುತ್ತದೆ. ಹಾಗಾಗಿ ಎಲೆಯಲ್ಲಿದ್ದದ್ದನ್ನು ಉಳಿಸಿಕೊಳ್ಳುವ ತಲೆಬಿಸಿ ಕಡಿಮೆ, ಹೆಚ್ಚಿನ ಪಾಲು ಎಲೆಯ ಜೊತೆಗೇ ನೆಲಕ್ಕೆ ಬೀಳುತ್ತದೆ. ಆ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ಎಲೆಯ ಬಣ್ಣ ನೋಡಲು ಪ್ರವಾಸ ಹೊರಟವರಿಗೆ ಮಾತ್ರ ಈ ಮರದಿಂದ ನಿರಾಸೆಯೇ.

ಫೆಬ್ರವರಿಯಲ್ಲೇ ಮೂಗು ಸೋರೋಕೆ ಶುರುವಾಗುತ್ತೆ. ಇದೇ ಮರ ಕಾರಣವಾ?

ಇರಬಹುದು. ಎಲೆ ಚಿಗುರುವ ಮೊದಲೇ, ಫೆಬ್ರವರಿ-ಮಾರ್ಚ್‌ನಲ್ಲಿ ಇದು ಹೂ ಬಿಟ್ಟು ಗಾಳಿಗೆ ಪರಾಗ ತೂರುತ್ತದೆ. ಚಳಿ ಕಡಿಮೆಯಿದ್ದ ವರ್ಷ ಜನವರಿಯಲ್ಲೇ ಶುರು. ಬರ್ಚ್ ಪರಾಗಕ್ಕೆ ಅಲರ್ಜಿ ಇದ್ದವರಿಗೆ ಇದಕ್ಕೂ ಆಗುವ ಸಾಧ್ಯತೆ ಹೆಚ್ಚು, ಏಕೆಂದರೆ ಎರಡರ ಪರಾಗದ ಪ್ರೋಟೀನ್ ಹತ್ತಿರ ಹತ್ತಿರ ಒಂದೇ ಬಗೆಯದು. ಇಂಥವರಲ್ಲಿ ಕೆಲವರಿಗೆ ಹಸಿ ಸೇಬು ತಿಂದರೆ ಬಾಯಿ ತುರಿಸುವುದೂ ಇದೆ. ಭಾರತದಿಂದ ಹೋದ ಮೊದಲ ವರ್ಷ ಏನೂ ಆಗದೆ, ಕೆಲವು ವರ್ಷದ ನಂತರ ಶುರುವಾದರೆ ಅದೂ ವಿಚಿತ್ರವಲ್ಲ. ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ.

## ಬೆಳೆಯುವ ಜಾಗ, ಬೆಳೆಸುವ ಬಗೆ

ಬೇರು ಸದಾ ನೀರಲ್ಲೇ ಇರುತ್ತಲ್ಲ, ಕೊಳೆಯೋದಿಲ್ವಾ?

ಬೇರು ಕೊಳೆಯುವುದು ನೀರಿನಿಂದ ಅಂತ ನಾವು ಹೇಳುತ್ತೇವೆ. ಅಸಲಿ ತೊಂದರೆ ಗಾಳಿ ಸಿಗದಿರುವುದು. ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆಲ್ಡರ್ ಇದಕ್ಕೆ ದಾರಿ ಕಂಡುಕೊಂಡಿದೆ. ಕಾಂಡದ ಬುಡದ ತೊಗಟೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಉಸಿರಾಟದ ರಂಧ್ರಗಳಿವೆ. ಅಲ್ಲಿಂದ ಒಳಹೋದ ಗಾಳಿ ಕಾಂಡದೊಳಗಿನ ಸಂದುಗಳ ಮೂಲಕ ಬೇರಿಗೆ ಇಳಿಯುತ್ತದೆ. ಬಿಸಿಲಿಗೆ ಕಾಂಡ ಸುತ್ತಲಿನ ಗಾಳಿಗಿಂತ ಸ್ವಲ್ಪ ಬೆಚ್ಚಗಾದರೆ ಈ ಇಳಿತ ಇನ್ನೂ ಜೋರಾಗುತ್ತದೆ ಎಂದು 1980ರ ದಶಕದಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ನೆರೆ ಬಂದು ನೀರು ಮೇಲೇರಿದರೆ ಕಾಂಡದಿಂದಲೇ ಹೊಸ ಬೇರು ಬಿಡುವ ತಾಕತ್ತೂ ಇದಕ್ಕಿದೆ.

ಹಾಗಂತ ವರ್ಷವಿಡೀ ಬೊಡ್ಡೆ ಮುಳುಗಿದ್ದರೆ ಬದುಕುವುದಿಲ್ಲ. ರಂಧ್ರಗಳು ನೀರಿನ ಮೇಲೆ ಇರಬೇಕು.

ಸಾರಜನಕ ಕೊಡುತ್ತೆ ಅಂತಾರೆ. ತೊಗರಿ, ಹುರುಳಿ ತರಾನೇನಾ?

ಕೆಲಸ ಒಂದೇ, ಮಾಡುವ ಜೀವಿ ಬೇರೆ. ತೊಗರಿ, ಹುರುಳಿ, ಹೊಂಗೆಯ ಬೇರುಗಂಟಿನಲ್ಲಿ ಇರುವುದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ಆಲ್ಡರ್ ಬೇರಿನಲ್ಲಿ ಇರುವುದು ಫ್ರಾಂಕಿಯಾ. ಇದು ಎಳೆ ಎಳೆಯಾಗಿ ಬೆಳೆಯುವುದರಿಂದ ಹಿಂದಿನವರು ಶಿಲೀಂಧ್ರವೇ ಇರಬೇಕು ಅಂದುಕೊಂಡಿದ್ದರು. ಹೊಳೆ ಕೊರೆದು ಬೇರು ಹೊರಬಿದ್ದ ಕಡೆ ಬಗ್ಗಿ ನೋಡಿ. ಕಿತ್ತಳೆ-ಕಂದು ಬಣ್ಣದ, ಹವಳದ ಹಾಗೆ ಕವಲೊಡೆದ ಗಂಟುಗಳು ಗೊಂಚಲಾಗಿ ಕಾಣುತ್ತವೆ. ತೊಗರಿಯ ಗಂಟು ಒಂದು ಬೆಳೆಗೆ ಮುಗಿಯಿತು. ಇವು ವರ್ಷ ವರ್ಷವೂ ಬೆಳೆದು ಟೆನಿಸ್ ಚೆಂಡಿನಷ್ಟು ದೊಡ್ಡದಾಗಬಲ್ಲವು.

ರಷ್ಯಾದ ಮಿಖಾಯಿಲ್ ವೊರೊನಿನ್ 1866ರಲ್ಲೇ ಈ ಗಂಟುಗಳೊಳಗೆ ಒಂದು ಜೀವಿ ವಾಸವಾಗಿದೆ ಎಂದು ಬರೆದಿದ್ದ. ಫ್ರಾಂಕಿಯಾವನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಬೆಳೆಸಿ ಇಟ್ಟುಕೊಳ್ಳಲು 1978ರ ತನಕ ಕಾಯಬೇಕಾಯಿತು. ಅದೂ ಆಲ್ಡರ್ ಬೇರಿನಿಂದ ಅಲ್ಲ, ಅಮೆರಿಕದ ಸ್ವೀಟ್ ಫರ್ನ್ ಎಂಬ ಪೊದೆಯ ಬೇರಿನಿಂದ.

ಫ್ರಾಂಕಿಯಾ ನಮಗೂ ಹೊಸದಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ತೀರದಲ್ಲಿ ಸಾಲಾಗಿ ನಿಂತಿರುವ ಗಾಳಿ ಮರ, ಬಯಲುಸೀಮೆಯವರು ಸರ್ವೆ ಅನ್ನುವ ಅದೇ ಮರ, ಬರೀ ಮರಳಿನಲ್ಲಿ ಬೆಳೆಯುವುದಕ್ಕೆ ಬೇರಿನ ಫ್ರಾಂಕಿಯಾದ ಸಹಾಯ ದೊಡ್ಡದು. ತಳಿ ಬೇರೆ, ಕುಲ ಒಂದೇ.

ಎಂಥ ಮಣ್ಣು, ಎಂಥ ಹವೆ ಬೇಕು?

ತೇವ ಮತ್ತು ಬಿಸಿಲು ಎರಡೂ ಬೇಕು. ಮಣ್ಣು ಬಡವಾದರೂ ನಡೆಯುತ್ತದೆ. ಜೇಡಿಯಾಗಲಿ, ಜಲ್ಲಿಯಾಗಲಿ, ಗಣಿಯಿಂದ ತೆಗೆದು ಗುಡ್ಡೆ ಹಾಕಿದ ಮಣ್ಣಾಗಲಿ ಹಿಡಿದುಕೊಳ್ಳುತ್ತದೆ. ಜರ್ಮನಿ, ಬ್ರಿಟನ್ ಎರಡೂ ಕಡೆ ಕಲ್ಲಿದ್ದಲು ಗಣಿಯ ಹಾಳು ನೆಲ ಸುಧಾರಿಸಲು ಇದನ್ನು ನೆಟ್ಟಿದ್ದಾರೆ. ದೊಡ್ಡ ಮರದ ನೆರಳಲ್ಲಿ ಮಾತ್ರ ಸಸಿ ಏಳುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ ನೆಲವೂ ಆಗುವುದಿಲ್ಲ.

ಬೀಜದಿಂದ ಸಸಿ ಮಾಡೋದು ಹೇಗೆ? (ಯುರೋಪಿನಲ್ಲಿ ಇರುವವರಿಗೆ)

ಅಕ್ಟೋಬರ್-ನವೆಂಬರಲ್ಲಿ, ಕಾಯಿ ಹಸಿರಿನಿಂದ ಕಂದಿಗೆ ತಿರುಗುವಾಗ, ಇನ್ನೂ ಬಾಯಿ ಬಿಡುವ ಮೊದಲು ಕೊಯ್ಯಿರಿ. ಬೆಚ್ಚಗಿನ ಕೋಣೆಯಲ್ಲಿ ಕಾಗದದ ಮೇಲೆ ಹರಡಿ. ಕೆಲವು ದಿನದಲ್ಲಿ ಚಿಪ್ಪು ತೆರೆದುಕೊಳ್ಳುತ್ತದೆ, ಕೊಡವಿದರೆ ಬೀಜ ಉದುರುತ್ತದೆ. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿ ನಾಲ್ಕರಿಂದ ಆರು ವಾರ ಇಡಿ. ಚಳಿ ತಾಗಿದ ಬೀಜ ಒಟ್ಟಿಗೆ ಮೊಳೆಯುತ್ತದೆ.

ಹೆಚ್ಚಿನವರು ಕೆಡಿಸುವುದು ಬಿತ್ತುವಾಗ. ಬೀಜವನ್ನು ಮಣ್ಣಿನೊಳಗೆ ಹೂಳಬೇಡಿ. ಮೇಲ್ಗಡೆ ಉದುರಿಸಿ, ತೆಳ್ಳಗೆ ಮರಳು ತೂರಿದರೆ ಸಾಕು, ಬೆಳಕು ತಾಗಬೇಕು. ಮೊದಲ ತಿಂಗಳು ಮಣ್ಣಿನ ಮೇಲ್ಮೈ ಒಂದು ದಿನವೂ ಒಣಗಬಾರದು. ಕಾಡಿನಲ್ಲೂ ಸಸಿಗಳು ಸಾಯುವುದು ಬಹುಪಾಲು ಇದೇ ಹಂತದಲ್ಲಿ. ಕುಂಡಕ್ಕೆ ಒಂದು ಹಿಡಿ ಹಳೆ ಆಲ್ಡರ್ ಮರದ ಬುಡದ ಮಣ್ಣು ಹಾಕಿದರೆ ಫ್ರಾಂಕಿಯಾ ಬೇಗ ಸೇರಿಕೊಳ್ಳುತ್ತದೆ. ಆದರೆ ಆಲ್ಡರ್ ಮರಗಳಿಗೆ ರೋಗ ಬಿದ್ದ ಹೊಳೆಯಿಂದ ಮಣ್ಣು ತರಬೇಡಿ (ಆ ರೋಗದ ಮಾತು ಕೊನೆಯ ಭಾಗದಲ್ಲಿದೆ).

ಕಡಿದರೆ ಮತ್ತೆ ಚಿಗುರುತ್ತಾ?

ಚೆನ್ನಾಗಿ ಚಿಗುರುತ್ತದೆ. ಕಬ್ಬಿನ ಕೂಳೆಯ ಹಾಗೆ ಬುಡಕ್ಕೆ ಕಡಿದು ಬಿಟ್ಟರೆ ಬೊಡ್ಡೆಯ ಸುತ್ತ ಹತ್ತಾರು ನೇರ ಕೊಂಬೆ ಏಳುತ್ತವೆ. ಯುರೋಪಿನಲ್ಲಿ ಇದನ್ನು ಶತಮಾನಗಳಿಂದ ಮಾಡಿಕೊಂಡು ಬಂದಿದ್ದಾರೆ. ಹತ್ತು ಇಪ್ಪತ್ತು ವರ್ಷಕ್ಕೊಮ್ಮೆ ಕಡಿದು, ಗೂಟಕ್ಕೆ, ಇದ್ದಿಲಿಗೆ, ಚಪ್ಪಲಿಯಡಿಗೆ ಬಳಸುತ್ತಿದ್ದರು. ಬೇರಿನಿಂದ ದೂರದಲ್ಲಿ ಮರಿ ಏಳುವ ಸ್ವಭಾವ ಇದಕ್ಕಿಲ್ಲ. ಅದು ಬೂದು ಆಲ್ಡರ್ ಎಂಬ ಇನ್ನೊಂದು ಜಾತಿಯ ಗುಣ.

ಮನೆ ಪಕ್ಕ ನೆಡಬಹುದಾ?

ಚರಂಡಿ ಪೈಪು ಹತ್ತಿರ ಇದ್ದರೆ ಬೇಡ. ಸೋರುವ ಪೈಪಿನ ತೇವ ಹುಡುಕಿಕೊಂಡು ಬೇರು ಬರುತ್ತದೆ. ಬ್ರಿಟನ್ನಿನ ರಸ್ತೆ ಬದಿಯಲ್ಲಿ ಹೃದಯದಾಕಾರದ, ಹೊಳೆಯುವ ಎಲೆಯ ಆಲ್ಡರ್ ಕಂಡರೆ ಅದು ಇಟಾಲಿಯನ್ ಆಲ್ಡರ್. ಒಣ ನೆಲವನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಹೊಳೆಗೆ ಇದರಿಂದ ಏನು ಉಪಯೋಗ?

ದಡ ಕುಸಿಯದ ಹಾಗೆ ಹಿಡಿಯುತ್ತದೆ. ವಿಲ್ಲೋ ಮರದ ಬೇರು ಹೊಳೆಯಂಚಿನಲ್ಲಿ ಚಾಪೆಯ ಹಾಗೆ ಹರಡಿದರೆ, ಆಲ್ಡರ್ ಬೇರು ನೇರ ಕೆಳಗಿಳಿಯುತ್ತದೆ. ನೀರು ಕೊರೆದ ಬೇರುಗಳ ಸಂದಿನಲ್ಲಿ ಮೀನು, ಏಡಿ, ನೀರುನಾಯಿಗಳಿಗೆ ಜಾಗ. ನೆರಳಿನಿಂದ ಬೇಸಿಗೆಯಲ್ಲಿ ನೀರು ತಂಪಾಗಿರುತ್ತದೆ, ಟ್ರೌಟ್ ಮೀನಿಗೆ ಅದು ಬೇಕೇ ಬೇಕು. ಹಸಿರಾಗಿ ಉದುರುವ ಆ ಎಲೆಯನ್ನು ನೀರಿನ ಪುಟ್ಟ ಸಿಗಡಿಗಳು, ಹುಳುಗಳು ಬೇರೆ ಎಲೆಗಳಿಗಿಂತ ಬೇಗ ತಿಂದು ಮುಗಿಸುತ್ತವೆ.

## ಹಿಂದಿನವರ ಬಳಕೆ

ವೆನಿಸ್ ನಗರ ಇದೇ ಮರದ ಮೇಲೆ ನಿಂತಿದೆಯಂತೆ, ನಿಜಾನಾ?

ಅರ್ಧ ನಿಜ. ವೆನಿಸ್‌ನ ಕಟ್ಟಡಗಳ ಕೆಳಗೆ ಕೆಸರಿಗೆ ಹೊಡೆದ ಮರದ ಗೂಟಗಳಿವೆ. ಅವುಗಳಲ್ಲಿ ಆಲ್ಡರ್ ಇದೆ. ಓಕ್, ಲಾರ್ಚ್, ಪೈನ್ ಕೂಡ ಇವೆ. "ಇಡೀ ವೆನಿಸ್ ಆಲ್ಡರ್ ಮೇಲೆ" ಅನ್ನುವುದು ಉತ್ಪ್ರೇಕ್ಷೆ.

ಆಲ್ಡರ್ ಗೂಟಕ್ಕೆ ಇನ್ನೂ ಹಳೆಯ ಸಾಕ್ಷಿ ರವೆನ್ನಾ ಊರಿನದು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಈ ಮರದ ಬಗ್ಗೆ ಬರೆದಿದ್ದಾನೆ. ಮಾಮೂಲಿ ಕಟ್ಟಡಕ್ಕೆ ಬಾರದ ಈ ಮರ ಜೌಗು ನೆಲದಲ್ಲಿ ಅಡಿಪಾಯದ ಕೆಳಗೆ ಒತ್ತೊತ್ತಾಗಿ ಹೊಡೆದರೆ ಭಾರೀ ಕಟ್ಟಡವನ್ನೂ ಹೊರುತ್ತದೆ, ರವೆನ್ನಾದಲ್ಲಿ ಎಲ್ಲ ಕಟ್ಟಡಗಳ ಕೆಳಗೂ ಇಂಥ ಗೂಟಗಳೇ ಇವೆ ಎನ್ನುತ್ತಾನೆ. ಸ್ಕಾಟ್ಲೆಂಡಿನ ಲಾಕ್ ಟೇ ಸರೋವರದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ನೀರಿನ ಮೇಲೆ ಮನೆ ಕಟ್ಟಿಕೊಂಡಿದ್ದರು. ಅವರ ಕಂಬಗಳಲ್ಲೂ ಆಲ್ಡರ್ ಬೇಕಾದಷ್ಟು ಸಿಕ್ಕಿದೆ.

ನೀರಲ್ಲಿ ಕಲ್ಲಾಗುತ್ತೆ ಅಂತಾರಲ್ಲ?

ಕಲ್ಲಾಗುವುದಿಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಗಾಳಿ ಬೇಕು. ಕೆಸರಿನೊಳಗೆ, ನೀರಿನ ಕೆಳಗೆ ಗಾಳಿ ಇಲ್ಲ. ಅದಕ್ಕೇ ಮರ ಉಳಿಯುತ್ತದೆ. ಗಾಳಿಯಿಲ್ಲದೆಯೂ ಬದುಕುವ ಕೆಲವು ಬ್ಯಾಕ್ಟೀರಿಯಾ ನಿಧಾನವಾಗಿ, ಶತಮಾನಗಳ ಕಾಲ ಅದನ್ನು ತಿನ್ನುತ್ತಲೇ ಇರುತ್ತವೆ. ತಿಂದು ಖಾಲಿಯಾದ ಕಡೆ ನೀರು ತುಂಬಿಕೊಳ್ಳುವುದರಿಂದ ಗೂಟದ ಆಕಾರ ಕೆಡುವುದಿಲ್ಲ. ಇಂಥ ಹಳೆ ಗೂಟವನ್ನು ಮೇಲೆತ್ತಿ ಸುಮ್ನೆ ಒಣಗಲು ಬಿಟ್ಟರೆ ಮುರುಟಿ, ಸೀಳಿ ಹಾಳಾಗುತ್ತದೆ.

ಇದೇ ಮರವನ್ನು ಬೇಲಿ ಗೂಟ ಮಾಡಿ ನೆಡಿ, ಕೆಲವೇ ವರ್ಷದಲ್ಲಿ ನೆಲಮಟ್ಟದಲ್ಲಿ ಲಡ್ಡಾಗಿ ಮುರಿಯುತ್ತದೆ. ಒಮ್ಮೆ ಒದ್ದೆ, ಒಮ್ಮೆ ಒಣ ಆಗುವ ಜಾಗ ಇದಕ್ಕೆ ಆಗಿಬರುವುದಿಲ್ಲ. ಪೂರ್ತಿ ನೀರೊಳಗೆ ಇಡಿ, ಇಲ್ಲವೇ ಪೂರ್ತಿ ಮನೆಯೊಳಗೆ ಇಡಿ.

ಕಡಿದರೆ ರಕ್ತ ಬರುತ್ತಂತೆ?

ಬರುವ ಹಾಗೆ ಕಾಣುತ್ತದೆ. ಕೊಡಲಿ ಬಿದ್ದ ಕ್ಷಣ ಒಳಮರ ಬೆಳ್ಳಗಿರುತ್ತದೆ. ನಿಂತು ನೋಡುತ್ತಿದ್ದರೆ ಅಂಚಿನಿಂದ ಹಳದಿ, ಆಮೇಲೆ ಕಿತ್ತಳೆ, ಸ್ವಲ್ಪ ಹೊತ್ತಿಗೆ ಕೆಂಪು. ಒಳಗಿನ ಒಗರು ಜಾತಿಯ ವಸ್ತು ಗಾಳಿ ತಾಗಿ ಬದಲಾಗುವುದರಿಂದ ಹೀಗಾಗುತ್ತದೆ. ಒಣಗಿದ ಮೇಲೆ ತಿಳಿ ಕಂದಿಗೆ ಇಳಿಯುತ್ತದೆ. ಐರ್ಲೆಂಡಿನಲ್ಲಿ ಪ್ರಯಾಣದ ದಾರಿಯಲ್ಲಿ ಆಲ್ಡರ್ ಮರ ದಾಟಿ ಹೋಗುವುದು ಅಪಶಕುನ ಎಂಬ ನಂಬಿಕೆ ಇತ್ತು. ಈ ಬಣ್ಣ ನೋಡಿದವರಿಗೆ ಅದು ಯಾಕೆ ಹುಟ್ಟಿರಬಹುದು ಅಂತ ಹೇಳಬೇಕಾಗಿಲ್ಲ.

ಇದರಿಂದ ಚಪ್ಪಲಿ ಮಾಡ್ತಿದ್ರಂತೆ, ನಮ್ಮ ಹಾವುಗೆ ತರಾನಾ?

ಹಾವುಗೆ ಪೂರ್ತಿ ಮರದ್ದು. ಇದು ಅಡಿ ಮಾತ್ರ ಮರ, ಮೇಲೆ ಚರ್ಮ, ಅಡಿಯ ಅಂಚಿಗೆ ಕಬ್ಬಿಣದ ಪಟ್ಟಿ. ಉತ್ತರ ಇಂಗ್ಲೆಂಡಿನ ಲ್ಯಾಂಕಶೈರ್ ಹತ್ತಿ ಗಿರಣಿಗಳ ಕೆಲಸಗಾರರು ಹಾಕಿಕೊಳ್ಳುತ್ತಿದ್ದದ್ದು ಇದನ್ನೇ. ಗಿರಣಿಯ ನೆಲ ಸದಾ ಒದ್ದೆ. ಚರ್ಮದ ಅಡಿ ಬೇಗ ಹಾಳು, ರಬ್ಬರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಆಲ್ಡರ್ ಹಗುರ, ಒದ್ದೆಗೆ ಸೀಳುವುದಿಲ್ಲ, ಕೆತ್ತಲು ಮೆತ್ತಗೆ.

ಮಾಡುವ ಬಗೆ ಚೆನ್ನಾಗಿದೆ. ಬೇಸಿಗೆಯಲ್ಲಿ ಕುಶಲಕರ್ಮಿಗಳು ಗುಂಪಾಗಿ ವೇಲ್ಸಿನ ಕಾಡುಗಳಿಗೆ ಹೋಗಿ ಅಲ್ಲೇ ಡೇರೆ ಹಾಕುತ್ತಿದ್ದರು. ಮರ ಕಡಿದು, ತುಂಡು ಮಾಡಿ, ಸೀಳಿ, ಉದ್ದ ಹಿಡಿಯ ಕತ್ತಿಯಿಂದ ಅಡಿಯ ಒರಟು ಆಕಾರ ತೆಗೆಯುತ್ತಿದ್ದರು. ಆ ಕತ್ತಿಯ ಒಂದು ತುದಿ ಮಣೆಯ ಬಳೆಗೆ ಸಿಕ್ಕಿಸಿರುತ್ತದೆ. ಹಸಿಯಾಗಿದ್ದಾಗಲೇ ಕೆತ್ತಬೇಕು. ಕೆತ್ತಿದ ತುಂಡುಗಳನ್ನು ಜೇನುಗೂಡಿನಾಕಾರದ ಟೊಳ್ಳು ಗೋಪುರವಾಗಿ ಪೇರಿಸಿ, ನಡುವೆ ಗಾಳಿಯಾಡುವ ಹಾಗೆ ತಿಂಗಳುಗಟ್ಟಲೆ ಒಣಗಿಸುತ್ತಿದ್ದರು. ಆಮೇಲೆ ಅವು ಪಟ್ಟಣದ ಅಂಗಡಿಗಳಿಗೆ ಹೋಗಿ, ಅಲ್ಲಿ ಕಾಲಿನ ಅಳತೆಗೆ ಸರಿಯಾಗಿ ಮುಗಿಯುತ್ತಿದ್ದವು. ಹಾಲೆಂಡಿನ ಪೂರ್ತಿ ಮರದ ಬೂಟು ಬೇರೆ, ಅದಕ್ಕೆ ಹೆಚ್ಚಾಗಿ ವಿಲ್ಲೋ, ಪಾಪ್ಲರ್ ಬಳಸುತ್ತಾರೆ.

ಮದ್ದಿನ ಪುಡಿಗೂ ಈ ಮರಕ್ಕೂ ಏನು ಸಂಬಂಧ?

ಕೋವಿ ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು ಬೇಕು. ಎಲ್ಲ ಇದ್ದಿಲೂ ಆಗುವುದಿಲ್ಲ. ನಯವಾಗಿ ಪುಡಿಯಾಗಬೇಕು, ಬೂದಿ ಕಡಿಮೆ ಇರಬೇಕು, ಫಕ್ಕನೆ ಉರಿಯಬೇಕು. ಆಲ್ಡರ್ ಮತ್ತು ವಿಲ್ಲೋ ಇದ್ದಿಲು ಇದಕ್ಕೆ ಹೇಳಿ ಮಾಡಿಸಿದ್ದು. ಲಂಡನ್ ಹತ್ತಿರದ ವಾಲ್ಥಮ್ ಆಬಿ ಮದ್ದಿನ ಕಾರ್ಖಾನೆಯನ್ನು ಬ್ರಿಟಿಷ್ ಸರ್ಕಾರ 1787ರಲ್ಲಿ ಕೊಂಡಿತು. ಅಲ್ಲಿಯ ಕಾಲುವೆ ಪಕ್ಕದ ತೇವದ ನೆಲದಲ್ಲಿ ಇದಕ್ಕೆಂದೇ ಬೆಳೆಸಿದ ಆಲ್ಡರ್ ತೋಪು ಈಗ ಸಂರಕ್ಷಿತ ಕಾಡು.

ಬಣ್ಣ ಬರುತ್ತಾ?

ತೊಗಟೆಯಲ್ಲಿ ಒಗರು ಜಾಸ್ತಿ. ಬರೀ ತೊಗಟೆ ಕುದಿಸಿದರೆ ಕೆಂಗಂದು, ಕಬ್ಬಿಣದ ಅಂಶ ಸೇರಿಸಿದರೆ ಕಪ್ಪು. ಚರ್ಮ ಹದ ಮಾಡಲೂ ಬಳಸುತ್ತಿದ್ದರು. ನಾರ್ವೆ, ಸ್ವೀಡನ್, ಫಿನ್ಲೆಂಡಿನ ಉತ್ತರದ ಸಾಮಿ ಜನ ಆಲ್ಡರ್ ತೊಗಟೆಯನ್ನು ಜಗಿದು ಇಲ್ಲವೇ ಕುದಿಸಿ ತೆಗೆದ ಕೆಂಪಿನಿಂದ ತಮ್ಮ ಪೂಜೆಯ ಡೋಲಿನ ಚರ್ಮದ ಮೇಲೆ ಚಿತ್ರ ಬರೆಯುತ್ತಿದ್ದರು. ಹಳೆಯ ಡೋಲುಗಳಲ್ಲಿ ಆ ಬಣ್ಣ ಇನ್ನೂ ಕಾಣುತ್ತದೆ.

ಸೌದೆಗೆ ಹೇಗೆ?

ಸಾಧಾರಣ. ಬೇಗ ಉರಿದು ಹೋಗುತ್ತದೆ, ಕಾವು ಕಡಿಮೆ. ಆದರೆ ಮೀನು ಹೊಗೆಗೆ ಹಾಕಲು ಫಿನ್ಲೆಂಡ್, ಬಾಲ್ಟಿಕ್ ಕಡೆಯವರಿಗೆ ಇದೇ ಬೇಕು. ಹೊಗೆ ಸೌಮ್ಯ, ಮೀನಿಗೆ ಹೊನ್ನಿನ ಬಣ್ಣ ಬರುತ್ತದೆ.

ಗಿಟಾರ್ ಮಾಡೋದು ಇದರಿಂದಾನೇನಾ?

ಫೆಂಡರ್ ಎಲೆಕ್ಟ್ರಿಕ್ ಗಿಟಾರಿನ ಆಲ್ಡರ್ ಅಮೆರಿಕದ ಪಶ್ಚಿಮ ಕರಾವಳಿಯ ಕೆಂಪು ಆಲ್ಡರ್. 1956ರಿಂದ ಸ್ಟ್ರಾಟೋಕ್ಯಾಸ್ಟರ್‌ಗೆ ಹೆಚ್ಚಾಗಿ ಅದನ್ನೇ ಬಳಸಿದ್ದಾರೆ. ಒಂದೇ ಕುಲ, ಬೇರೆ ಜಾತಿ.

ಅಕ್ವೇರಿಯಂ ಅಂಗಡಿಯಲ್ಲಿ "ಆಲ್ಡರ್ ಕೋನ್" ಮಾರ್ತಾರೆ. ಏನಕ್ಕೆ?

ಈ ಮರದ ಒಣ ಕಾಯಿಗಳೇ ಅವು. ನೀರಿಗೆ ಹಾಕಿದರೆ ಒಗರು ಬಿಟ್ಟು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಸ್ವಲ್ಪ ಆಮ್ಲೀಯವಾಗುತ್ತದೆ. ಬೆಟ್ಟಾ ಎಂಬ ಕಾದಾಡುವ ಮೀನಿನಂಥವಕ್ಕೆ ಅಂಥ ನೀರು ಹಿತ. ನಮ್ಮಲ್ಲಿ ರಸ್ತೆ ಬದಿ ಸಿಗುವ ಕಾಡುಬಾದಾಮಿಯ ಒಣ ಎಲೆಯೂ ಅದೇ ಕೆಲಸ ಮಾಡುತ್ತದೆ. ದುಡ್ಡು ಕೊಟ್ಟು ತರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ತೊಗಟೆ ಕಷಾಯ ಕುಡಿಯಬಹುದಾ?

ಬೇಡ. ಗಂಟಲು ನೋವಿಗೆ ಬಾಯಿ ಮುಕ್ಕಳಿಸಲು ಹಿಂದೆ ಬಳಸುತ್ತಿದ್ದದ್ದು ನಿಜ. ಹಸಿ ತೊಗಟೆ ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ. ನಡೆದು ದಣಿದ ಕಾಲಿಗೆ ತಂಪಾಗಲಿ ಎಂದು ಎಲೆಯನ್ನು ಬೂಟಿನೊಳಗೆ ಇಟ್ಟುಕೊಳ್ಳುವ ಪದ್ಧತಿಯೂ ಇತ್ತು. ಬೇಕಿದ್ದರೆ ಅದನ್ನು ಮಾಡಿ ನೋಡಬಹುದು.

## ಸ್ವಲ್ಪ ಆಳಕ್ಕೆ ಇಳಿದರೆ

ಹೊಳೆ ಪಕ್ಕದ ಮರಗಳು ಸಾಲಾಗಿ ಒಣಗ್ತಿವೆ. ಯಾವ ರೋಗ?

ಬಹುಶಃ ಫೈಟೋಫ್ಥೊರಾ ಎಂಬ, ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗ. 1993ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಮೊದಲು ಕಂಡಿತು. ಆಮೇಲೆ ಯುರೋಪಿನ ಹಲವು ದೇಶಗಳಲ್ಲಿ ಸಿಕ್ಕಿತು, ಬವೇರಿಯಾದಲ್ಲಿ ಹಾನಿ ಜೋರು. ಲಕ್ಷಣ ಹೀಗಿವೆ: ಬೇಸಿಗೆಯಲ್ಲೇ ಎಲೆ ಸಣ್ಣ, ಹಳದಿ, ವಿರಳ. ಕಾಯಿ ಮಾತ್ರ ವಿಪರೀತ. ಬೊಡ್ಡೆಯ ಮೇಲೆ ಟಾರು ಅಥವಾ ತುಕ್ಕು ಸೋರಿದ ಹಾಗೆ ಕಲೆ. ಆ ಕಲೆಯ ತೊಗಟೆ ಕೆರೆದರೆ ಒಳಗೆ ಸತ್ತ ಕಂದು ಪದರ.

ಅಡಿಕೆ ಬೆಳೆಗಾರರಿಗೆ ಈ ಕುಲ ಚೆನ್ನಾಗಿ ಗೊತ್ತು. ಮಲೆನಾಡಿನ ಕೊಳೆರೋಗ ಇದೇ ಫೈಟೋಫ್ಥೊರಾ ಕುಲದ್ದು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅದನ್ನು ಅಧ್ಯಯನ ಮಾಡಿ, ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ತಂದರು. ಮೆಣಸಿನ ಬಳ್ಳಿಯ ಸೊರಗು ರೋಗವೂ ಇದೇ ಕುಲ. ಇದರ ಬೀಜಕಣಗಳಿಗೆ ನೀರಿನಲ್ಲಿ ಈಜುವ ಶಕ್ತಿ ಇದೆ. ಅಡಿಕೆಗೆ ಮಳೆ ಹನಿಯ ಜೊತೆ ಬರುತ್ತದೆ, ಆಲ್ಡರ್‌ಗೆ ಹೊಳೆಯ ಜೊತೆ. ಆಲ್ಡರ್‌ನದ್ದು ಎರಡು ಜಾತಿ ಬೆರೆತು ಹುಟ್ಟಿದ ಹೊಸ ಮಿಶ್ರ ತಳಿ.

ಹೊಳೆಗೆ ಬೋರ್ಡೋ ಹೊಡೆಯಲು ಆಗುವುದಿಲ್ಲವಲ್ಲ. ಹಾಗಾಗಿ ಔಷಧಿ ಇಲ್ಲ. ರೋಗ ಬಿದ್ದ ಮರವನ್ನು ಬುಡಕ್ಕೆ ಕಡಿದರೆ ಎಷ್ಟೋ ಸಲ ಆರೋಗ್ಯದ ಚಿಗುರು ಬರುತ್ತದೆ. ಕಡು ಚಳಿಯ ವರ್ಷಗಳಲ್ಲಿ ರೋಗ ಹಿಂಜರಿಯುತ್ತದೆ. ನರ್ಸರಿ ಸಸಿಗಳ ಜೊತೆ ಇದು ದೂರ ದೂರಕ್ಕೆ ಹಬ್ಬಿರುವುದರಿಂದ, ಸಸಿ ಕೊಳ್ಳುವಾಗ ಎಲ್ಲಿಯದು ಅಂತ ವಿಚಾರಿಸಿ.

ಸಾರಜನಕ ಜಾಸ್ತಿ ಆದ್ರೆ ತೊಂದರೆ ಇಲ್ವಾ?

ಇದೆ. ದಟ್ಟ ಆಲ್ಡರ್ ತೋಪಿನ ಮಣ್ಣಿನಿಂದ ನೈಟ್ರೇಟ್ ಹೊಳೆಗೆ ಸೋರುತ್ತದೆ, ಮಣ್ಣು ನಿಧಾನವಾಗಿ ಹುಳಿಯಾಗುತ್ತದೆ. ತವರು ಬಿಟ್ಟು ಹೋದ ಕಡೆ ಕಾಟ ಹೆಚ್ಚು. ನ್ಯೂಜಿಲೆಂಡಿನಲ್ಲಿ ಇದು ಹೊಳೆದಂಡೆಯ ಕಳೆ, ಅಮೆರಿಕದ ಕೆಲವು ರಾಜ್ಯಗಳಲ್ಲೂ ಹಾಗೆ. "ಮಣ್ಣು ಸುಧಾರಿಸುವ ಮರ" ಅಂತ ಕೇಳಿದ ಕೂಡಲೇ ಎಲ್ಲ ಕಡೆ ನೆಡಲು ಹೊರಡುವ ಉತ್ಸಾಹ ನನಗೆ ಸರಿ ಕಾಣುವುದಿಲ್ಲ.

ಭಾರತದ ಆಲ್ಡರ್ ಬಗ್ಗೆ ಹೇಳಿ.

ಪೂರ್ವ ಹಿಮಾಲಯದ್ದು ಆಲ್ನಸ್ ನೇಪಾಲೆನ್ಸಿಸ್. ನೇಪಾಳಿಯಲ್ಲಿ ಉತ್ತಿಸ್. ಭೂಕುಸಿತವಾದ ಇಳಿಜಾರಿನಲ್ಲಿ ಮೊದಲು ಏಳುವ ಮರ ಇದು. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಇದರ ನೆರಳಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹಾಲುವಾಣ ಮಾಡುವ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ: ನೆರಳು, ಸಾರಜನಕ, ಕೊಳೆಯುವ ಸೊಪ್ಪು. ಪಶ್ಚಿಮ ಹಿಮಾಲಯದಲ್ಲಿ ಆಲ್ನಸ್ ನಿಟಿಡಾ ಇದೆ.

ನಾಗಾಲ್ಯಾಂಡಿನ ಕೊಹಿಮಾ ಹತ್ತಿರದ ಖೊನೊಮಾ ಊರಿನದು ಬೇರೆಯೇ ಲೆಕ್ಕ. ಅಲ್ಲಿಯ ಅಂಗಾಮಿ ಬುಡಕಟ್ಟಿನ ರೈತರು ಝೂಮ್ ಹೊಲದಲ್ಲಿ (ಕಾಡು ಕಡಿದು ಸುಟ್ಟು, ಕೆಲವು ವರ್ಷ ಬೆಳೆದು ಬಿಡುವ ಕುಮರಿ ಬೇಸಾಯ) ಆಲ್ಡರ್ ಮರವನ್ನು ಬುಡಕ್ಕೆ ಕಡಿಯುವುದಿಲ್ಲ. ಆಳೆತ್ತರದಲ್ಲಿ ತಲೆ ಸವರುತ್ತಾರೆ, ನಮ್ಮ ಮರಗಸಿಗಿಂತ ಇನ್ನೂ ಪೂರ್ತಿಯಾಗಿ. ಕಡಿದ ಕೊಂಬೆ ಸೌದೆಗೆ, ಸೊಪ್ಪು ಹೊಲಕ್ಕೆ. ಎರಡು ವರ್ಷ ಬೆಳೆ, ಆಮೇಲೆ ಎರಡರಿಂದ ನಾಲ್ಕು ವರ್ಷ ಬಿಡುವು. ಅಷ್ಟರಲ್ಲಿ ಮರ ಮತ್ತೆ ತಲೆ ಕಟ್ಟುತ್ತದೆ. ಪದೇ ಪದೇ ಸವರಿದ ಕಡೆ ಗಂಟುಗಟ್ಟಿ ಮುಷ್ಟಿಯಂತೆ ಊದಿದ ಹಳೆ ಬೊಡ್ಡೆಗಳು ಆ ಇಳಿಜಾರಿನ ಗುರುತು. ಬೇರೆ ಕಡೆ ಝೂಮ್ ಹೊಲಕ್ಕೆ ಮಣ್ಣು ಚೇತರಿಸಲು ಇದಕ್ಕಿಂತ ಎಷ್ಟೋ ಹೆಚ್ಚು ವರ್ಷ ಬೇಕು.

ಸಕಲೇಶಪುರದಲ್ಲಿ ತೋಟ ಇದೆ, ಪಕ್ಕದಲ್ಲೇ ಹಳ್ಳ. ನೆಡಬಹುದಾ?

ಯುರೋಪಿನ ಆಲ್ಡರ್‌ಗೆ ಎಲೆ ಉದುರಿಸಿ ಮಲಗುವ ನಿಜವಾದ ಚಳಿಗಾಲ ಬೇಕು. ಮಲೆನಾಡಿನ ಚಳಿ ಅದಕ್ಕೆ ಸಾಲದು. ಹಳ್ಳದ ದಡಕ್ಕೆ ಹೊಳೆಮತ್ತಿ, ನೀರುನೇರಳೆ, ಹೊಂಗೆ ನೋಡಿ. ಹೊಂಗೆ ನೆರೆಯನ್ನೂ ತಡೆಯುತ್ತದೆ, ಸಾರಜನಕವನ್ನೂ ಕೊಡುತ್ತದೆ, ಸೊಪ್ಪು ಗೊಬ್ಬರಕ್ಕೆ ಬರುತ್ತದೆ. ತೋಟದೊಳಗೆ ಹಾಲುವಾಣ, ಗೊಬ್ಬರದ ಗಿಡ ಇದ್ದೇ ಇವೆ. ಆಲ್ಡರ್ ಮಾಡುವ ಯಾವ ಕೆಲಸಕ್ಕೂ ನಿಮ್ಮಲ್ಲಿ ಮರದ ಕೊರತೆ ಇಲ್ಲ.

ಲಂಡನ್‌ನಿಂದ ಮಗಳು ಬರ್ತಿದ್ದಾಳೆ, ನಾಲ್ಕು ಕಾಯಿ ತರಿಸಲಾ? ಸುಮ್ನೆ ಪ್ರಯೋಗಕ್ಕೆ.

ಬೇಡ. ಒಣ ಕಾಯಿಯೊಳಗೆ ಬೀಜ ಉಳಿದಿರುತ್ತದೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತುವ ಬೀಜ ಭಾರತಕ್ಕೆ ತರಲು ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು, ಸೂಟ್‌ಕೇಸಿನಲ್ಲಿ ತಂದರೂ ಅಷ್ಟೇ. ಬುಡದ ಮಣ್ಣನ್ನಂತೂ ಚಿಟಿಕೆಯಷ್ಟೂ ತರಬಾರದು, ಫೈಟೋಫ್ಥೊರಾ ಇರುವುದೇ ಅದರಲ್ಲಿ. ಮಗಳು ಹೊಳೆ ಪಕ್ಕ ಓಡಾಡಿ ಬಂದ ಬೂಟಿಗೆ ಕೆಸರು ಅಂಟಿದ್ದರೆ ಅಲ್ಲೇ ತೊಳೆದು, ಒಣಗಿಸಿ ತರಲು ಹೇಳಿ.